ರೈಲಿನ ಕಂಟ್ರೋಲ್ ಚಾರ್ಟಿಗೂ ಭೌತವಿಜ್ಞಾನದ ದೇಶಕಾಲಕ್ಕೂ ಏನು ವ್ಯತ್ಯಾಸ?

ಪ್ರಶ್ನೆ: ನಿವೃತ್ತ ಸೆಕ್ಷನ್ ಕಂಟ್ರೋಲರ್

ನಾನು ರೈಲ್ವೆಯಲ್ಲಿ ಸೆಕ್ಷನ್ ಕಂಟ್ರೋಲರ್ ಆಗಿ 26 ವರ್ಷ ದುಡಿದು ನಿವೃತ್ತನಾದವನು. ಮೊಮ್ಮಗಳ ಪಿಯುಸಿ ಪುಸ್ತಕಗಳ ನೆಪದಲ್ಲಿ ಭೌತವಿಜ್ಞಾನವನ್ನು ಮತ್ತೆ ಓದತೊಡಗಿದ್ದೇನೆ. ಅದರಲ್ಲಿ ಒಂದು ಮಾತು ಮಾತ್ರ ಎಷ್ಟು ಓದಿದರೂ ಗಂಟಾಗಿಯೇ ಉಳಿದಿದೆ: ದೇಶ ಮತ್ತು ಕಾಲ ಬೇರೆ ಬೇರೆಯಲ್ಲ, ಅವೆರಡೂ ಸೇರಿ ‘ದೇಶಕಾಲ’ ಎಂಬ ಒಂದೇ ವಸ್ತು, ಕಾಲವು ಅದರ ನಾಲ್ಕನೆಯ ಆಯಾಮ ಎಂಬುದು.

ನನ್ನ ಸಂದೇಹ ಬಂದದ್ದು ನನ್ನ ಕೆಲಸದಿಂದಲೇ. ಗಣಕಯಂತ್ರ ಬರುವ ಮೊದಲು ನಮ್ಮ ಮೇಜಿನ ಮೇಲೆ ದೊಡ್ಡದೊಂದು ಚಾರ್ಟ್ ಹರಡಿರುತ್ತಿತ್ತು. ಅದರಲ್ಲಿ ಎಡದಿಂದ ಬಲಕ್ಕೆ ಗಂಟೆ ಮತ್ತು ನಿಮಿಷಗಳು, ಮೇಲಿನಿಂದ ಕೆಳಕ್ಕೆ ಬೀರೂರು, ಅಜ್ಜಂಪುರ, ಹೊಸದುರ್ಗ ರೋಡ್, ಚಿಕ್ಕಜಾಜೂರು ಎಂದು ನಿಲ್ದಾಣಗಳು. ಸ್ಟೇಷನ್ ಮಾಸ್ಟರು ಫೋನಿನಲ್ಲಿ ಗಾಡಿ ಬಂದ ಹೊತ್ತನ್ನೂ ಬಿಟ್ಟ ಹೊತ್ತನ್ನೂ ತಿಳಿಸಿದಂತೆಲ್ಲ ನಾವು ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದೆವು. ಓಡುವ ಗಾಡಿಗೆ ಓರೆ ಗೆರೆ, ನಿಂತ ಗಾಡಿಗೆ ಮಲಗಿದ ಗೆರೆ. ವೇಗ ಹೆಚ್ಚಿದಷ್ಟೂ ಗೆರೆ ಕಡಿದು. ಆಗ ಅಲ್ಲಿದ್ದದ್ದು ಒಂಟಿ ಹಳಿಯಾದ್ದರಿಂದ, ಎದುರುಬದುರಾಗಿ ಬರುವ ಎರಡು ಗಾಡಿಗಳ ಗೆರೆಗಳು ನಿಲ್ದಾಣದ ಗೆರೆಯ ಮೇಲೆಯೇ ಸಂಧಿಸಬೇಕಾಗಿತ್ತು. ನಡುದಾರಿಯಲ್ಲಿ ಸಂಧಿಸದಂತೆ ನೋಡಿಕೊಳ್ಳುವುದೇ ನಮ್ಮ ಉದ್ಯೋಗವಾಗಿತ್ತು.

ಈ ಚಾರ್ಟಿನಲ್ಲಿಯೂ ದೇಶ ಮತ್ತು ಕಾಲ ಒಟ್ಟಿಗೇ ಇವೆಯಲ್ಲವೇ? ಯುರೋಪಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ರೈಲುಗಳಿಗೆ ಇಂಥ ನಕ್ಷೆಗಳನ್ನು ಬರೆಯುತ್ತಿದ್ದರು. ಹಾಗಿದ್ದ ಮೇಲೆ 1908ರಲ್ಲಿ ಹರ್ಮನ್ ಮಿಂಕೊವ್‌ಸ್ಕಿ ಹೊಸದಾಗಿ ಹೇಳಿದ್ದೇನು? ದೇಶಕಾಲವೆಂಬುದು ಲೆಕ್ಕದ ಅನುಕೂಲಕ್ಕಾಗಿ ಮಾಡಿಕೊಂಡ ಚಾರ್ಟೇ, ಅಥವಾ ನಿಜವಾಗಿಯೂ ಇರುವ ಏನಾದರೂ ಒಂದೇ? ಜೊತೆಗೆ, ಗುರುತ್ವವನ್ನು ವಿವರಿಸುವಾಗ ಎಳೆದು ಹಿಡಿದ ಬಟ್ಟೆಯ ನಡುವೆ ಭಾರದ ಗುಂಡನ್ನಿಟ್ಟ ಚಿತ್ರವನ್ನು ಎಲ್ಲೆಡೆ ತೋರಿಸುತ್ತಾರೆ. ಬಟ್ಟೆಯ ಮೇಲಿನ ಗುಂಡನ್ನು ಕೆಳಕ್ಕೆ ಎಳೆಯುತ್ತಿರುವುದು ಗುರುತ್ವವೇ ಅಲ್ಲವೇ? ಗುರುತ್ವವನ್ನು ಗುರುತ್ವದಿಂದಲೇ ವಿವರಿಸಿದರೆ ತಿಳಿದದ್ದಾದರೂ ಏನು? ಬಲ್ಲವರು ದಯವಿಟ್ಟು ಬಿಡಿಸಿ ಹೇಳಬೇಕು.

ಉತ್ತರ 1: ಪಿಯು ಕಾಲೇಜಿನ ಭೌತವಿಜ್ಞಾನ ಉಪನ್ಯಾಸಕಿ

ಸರ್, ಇಷ್ಟು ಒಳ್ಳೆಯ ಪ್ರಶ್ನೆಯನ್ನು ನನ್ನ ತರಗತಿಯಲ್ಲಿ ಇದುವರೆಗೆ ಯಾರೂ ಕೇಳಿಲ್ಲ. ತಮ್ಮ ಚಾರ್ಟ್ ಮತ್ತು ಮಿಂಕೊವ್‌ಸ್ಕಿಯ ನಕ್ಷೆ ನೋಡಲು ಒಂದೇ ಬಗೆಯವು. ಭೌತವಿಜ್ಞಾನಿಗಳು ಕಾಲವನ್ನು ಮೇಲ್ಮುಖವಾಗಿ ಬರೆಯುತ್ತಾರೆ ಎಂಬುದಷ್ಟೇ ಕಣ್ಣಿಗೆ ಕಾಣುವ ಭೇದ. ನಿಜವಾದ ಭೇದ ಇರುವುದು, ಬೇರೆ ಬೇರೆ ವೇಗದಲ್ಲಿ ಚಲಿಸುವವರು ತಂತಮ್ಮ ಚಾರ್ಟುಗಳನ್ನು ಬರೆದು ಒಂದರೊಡನೊಂದು ಹೋಲಿಸಿದಾಗ ಏನಾಗುತ್ತದೆ ಎಂಬುದರಲ್ಲಿ.

ಮೊದಲು ತಮ್ಮ ಚಾರ್ಟನ್ನೇ ನೋಡೋಣ. ಒಬ್ಬ ಪ್ರಯಾಣಿಕ ಬೀರೂರಿನಲ್ಲಿ ಕಾಫಿಯ ಲೋಟವನ್ನು ಕೈಗೆತ್ತಿಕೊಂಡು ಅಜ್ಜಂಪುರದಲ್ಲಿ ಕೆಳಗಿಟ್ಟ ಎಂದುಕೊಳ್ಳಿ. ತಮ್ಮ ದೃಷ್ಟಿಯಲ್ಲಿ ಆ ಎರಡು ಘಟನೆಗಳು ಬೇರೆ ಬೇರೆ ಊರಿನಲ್ಲಿ ನಡೆದವು. ಪ್ರಯಾಣಿಕನ ದೃಷ್ಟಿಯಲ್ಲಿ ಎರಡೂ ನಡೆದದ್ದು ಅದೇ ಸೀಟಿನಲ್ಲಿ, ಅವುಗಳ ನಡುವಿನ ದೂರ ಸೊನ್ನೆ. ಆದ್ದರಿಂದ ‘ಅದೇ ಸ್ಥಳ’ ಎಂಬ ಮಾತು ನೋಡುವವನ ಚಲನೆಯನ್ನು ಅವಲಂಬಿಸಿದೆ ಎಂಬುದು ಗೆಲಿಲಿಯೋನ ಕಾಲದಿಂದಲೂ ತಿಳಿದದ್ದೇ. ಆದರೆ ಎತ್ತಿದ್ದಕ್ಕೂ ಇಟ್ಟದ್ದಕ್ಕೂ ನಡುವೆ ಎಷ್ಟು ನಿಮಿಷ ಕಳೆಯಿತು ಎಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರದು ಎಂದು ಎಲ್ಲರೂ ನಂಬಿದ್ದರು. ಚಾರ್ಟಿನ ಮೇಲೆ ಒಂಬತ್ತೂವರೆಯನ್ನು ಸೂಚಿಸುವ, ಮೇಲಿನಿಂದ ಕೆಳಕ್ಕಿಳಿಯುವ ನೆಟ್ಟನೆಯ ಗೆರೆ ಓಡುವ ಗಾಡಿಗೂ ನಿಂತ ಗಾಡಿಗೂ ಕಂಟ್ರೋಲ್ ಕಚೇರಿಗೂ ಒಂದೇ. ಹಾಗಿರುವವರೆಗೆ ಆ ಚಾರ್ಟ್ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಹಾಳೆಯಲ್ಲಿ ಬರೆದ ಜೋಡಣೆ ಮಾತ್ರ.

ಐನ್‌ಸ್ಟೈನ್ 1905ರಲ್ಲಿ ತೋರಿಸಿದ್ದು ಈ ನೆಟ್ಟನೆಯ ಗೆರೆಯೂ ಎಲ್ಲರಿಗೂ ಒಂದೇ ಅಲ್ಲ ಎಂಬುದನ್ನು. ನಿರ್ವಾತದಲ್ಲಿ ಬೆಳಕಿನ ವೇಗ ಎಲ್ಲರಿಗೂ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಆಗಿಯೇ ಇರಬೇಕಾದರೆ, ಓಡುವ ಗಾಡಿಯವನು ಎಳೆಯುವ ಒಂಬತ್ತೂವರೆಯ ಗೆರೆ ತಮ್ಮ ಗೆರೆಗಿಂತ ತುಸು ಓರೆಯಾಗಿರಲೇಬೇಕು. ತಮ್ಮ ಪಾಲಿಗೆ ಒಂದೇ ಕ್ಷಣದಲ್ಲಿ ನಡೆದ ಎರಡು ಘಟನೆಗಳು ಅವನ ಪಾಲಿಗೆ ಹಿಂದುಮುಂದಾಗಿರುತ್ತವೆ. ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಸಾಗುವ, 300 ಮೀಟರ್ ಉದ್ದದ ಗಾಡಿಯ ಎರಡು ತುದಿಗಳಿಗೆ ಈ ವ್ಯತ್ಯಾಸ ಸೆಕೆಂಡಿನ ಹತ್ತು ಲಕ್ಷ ಕೋಟಿಯಲ್ಲಿ ಒಂದು ಭಾಗದಷ್ಟು. ಆದ್ದರಿಂದಲೇ ಕಂಟ್ರೋಲ್ ಕಚೇರಿಯಲ್ಲಿ ಯಾರಿಗೂ ಅದು ಕಾಣಲಿಲ್ಲ. ಚಾರ್ಟಿನ ಎರಡೂ ಅಕ್ಷಗಳನ್ನು ಬೆಳಕಿಗೆ ಸರಿಹೊಂದುವ ಅಳತೆಯಲ್ಲಿ ಬರೆದರೆ, ಹತ್ತು ನಿಮಿಷಕ್ಕೆ ಒಂದು ಸೆಂಟಿಮೀಟರ್ ಇಟ್ಟಾಗ 18 ಕೋಟಿ ಕಿಲೋಮೀಟರಿಗೂ ಒಂದೇ ಸೆಂಟಿಮೀಟರ್ ಇಡಬೇಕಾಗುತ್ತದೆ. ಅಂಥ ಹಾಳೆಯ ಮೇಲೆ ಮೇಲ್ ಗಾಡಿಯ ಗೆರೆಯನ್ನು ನಿಂತ ಗೂಡ್ಸ್ ಗಾಡಿಯ ಗೆರೆಯಿಂದ ಬೇರ್ಪಡಿಸಿ ನೋಡುವುದು ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಸಾಧ್ಯವಾಗದು.

ಸ್ಥಳವೂ ಒಬ್ಬೊಬ್ಬರಿಗೆ ಒಂದೊಂದು, ಕಾಲವೂ ಒಬ್ಬೊಬ್ಬರಿಗೆ ಒಂದೊಂದು ಎಂದಾದರೆ ಎಲ್ಲರಿಗೂ ಸಮಾನವಾದದ್ದು ಯಾವುದೂ ಉಳಿಯಲಿಲ್ಲವೇ? ಉಳಿಯಿತು, ಮತ್ತು ಅದನ್ನು ಸ್ಪಷ್ಟವಾಗಿ ಎತ್ತಿ ತೋರಿಸಿದವನೇ ಮಿಂಕೊವ್‌ಸ್ಕಿ. ಜ್ಯೂರಿಕ್‌ನಲ್ಲಿ ಐನ್‌ಸ್ಟೈನ್‌ಗೆ ಗಣಿತ ಕಲಿಸಿದ್ದ ಆತ 1908ರ ಸೆಪ್ಟೆಂಬರ್ 21ರಂದು ಜರ್ಮನಿಯ ಕಲೋನ್ ನಗರದಲ್ಲಿ ಕೊಟ್ಟ ಉಪನ್ಯಾಸದ ಸಾರ ಇದು: ಎರಡು ಘಟನೆಗಳ ನಡುವಿನ ಕಾಲದ ವರ್ಗದಿಂದ ದೂರದ ವರ್ಗವನ್ನು ಕಳೆಯಿರಿ, ಬರುವ ಶೇಷ ಎಲ್ಲರಿಗೂ ಒಂದೇ. ದೂರವನ್ನು ಬೆಳಕು ಸೆಕೆಂಡಿಗೆ ಸಾಗುವ ಅಳತೆಯಲ್ಲಿ, ಎಂದರೆ ‘ಬೆಳಕು-ಸೆಕೆಂಡಿ’ನಲ್ಲಿ ಅಳೆಯಬೇಕು, ಅಷ್ಟೆ.

ಇದನ್ನು ಅಂಕಿಗಳಲ್ಲಿಯೇ ಮಾಡಿ ನೋಡುವುದು ಒಳ್ಳೆಯದು. ಒಂದು ಘಟನೆಯಾದ 5 ಸೆಕೆಂಡಿನ ನಂತರ, ಅಲ್ಲಿಂದ 3 ಬೆಳಕು-ಸೆಕೆಂಡು ದೂರದಲ್ಲಿ ಇನ್ನೊಂದು ಘಟನೆಯಾಯಿತು ಎನ್ನಿ. 25ರಿಂದ 9 ಕಳೆದರೆ 16. ಬೆಳಕಿನ ವೇಗದ ಐದರಲ್ಲಿ ಮೂರು ಪಾಲು ವೇಗದಲ್ಲಿ ಮೊದಲ ಘಟನೆಯಿಂದ ಹೊರಟು ಎರಡನೆಯ ಘಟನೆಯನ್ನು ಸರಿಯಾಗಿ ಮುಟ್ಟುವ ನೌಕೆಯಲ್ಲಿರುವವಳಿಗೆ ಎರಡೂ ಘಟನೆಗಳು ತಾನಿರುವಲ್ಲಿಯೇ ಆದವು. ಅವಳ ಗಡಿಯಾರದಲ್ಲಿ ಕಳೆದದ್ದು 4 ಸೆಕೆಂಡು. 16ರಿಂದ ಸೊನ್ನೆ ಕಳೆದರೆ 16. ಅಷ್ಟೇ ವೇಗದಲ್ಲಿ ಎದುರು ದಿಕ್ಕಿಗೆ ಹೋಗುತ್ತಿರುವ ಮೂರನೆಯವನಿಗೆ ಕಾಲ 8.5 ಸೆಕೆಂಡು, ದೂರ 7.5 ಬೆಳಕು-ಸೆಕೆಂಡು. 72.25ರಿಂದ 56.25 ಕಳೆದರೆ ಮತ್ತೆ 16. ಕಾಲದಲ್ಲಿ ಮೂವರಿಗೂ ಒಮ್ಮತವಿಲ್ಲ, ದೂರದಲ್ಲಿಯೂ ಇಲ್ಲ; ಹದಿನಾರರಲ್ಲಿ ಮಾತ್ರ ಇದೆ. ಕಳೆಯುವ ಬದಲು ಕೂಡಿಸಿದ್ದರೆ ಈ ಒಮ್ಮತ ಮುರಿದುಬೀಳುತ್ತಿತ್ತು. ಆದ್ದರಿಂದ ಕಾಲವು ನಾಲ್ಕನೆಯ ಆಯಾಮ ಎನ್ನುವಾಗ ಅದು ಉದ್ದ, ಅಗಲ, ಎತ್ತರಗಳಂಥ ಇನ್ನೊಂದು ಆಯಾಮ ಎಂದು ತಿಳಿಯಬಾರದು. ಆ ಕಳೆಯುವ ಚಿಹ್ನೆ ಕಾಲವನ್ನು ಕಾಲವಾಗಿಯೇ ಉಳಿಸಿದೆ.

ದೇಶಕಾಲ ಎಂಬ ಪದದ ಅರ್ಥವನ್ನು ಒಂದೇ ವಾಕ್ಯದಲ್ಲಿ ಹೇಳಿರೆಂದರೆ ನಾನು ಹೇಳುವುದು ಇದನ್ನೇ: ಘಟನೆಗಳು ಮತ್ತು ಅವುಗಳ ನಡುವಿನ ಈ ಅಂತರಗಳು, ಇವೇ ದೇಶಕಾಲ. ದೂರ ಮತ್ತು ಕಾಲಾವಧಿ ಎಂಬವು ಆ ಅಂತರವನ್ನು ಒಬ್ಬೊಬ್ಬ ನೋಡುಗನೂ ತನ್ನ ಚಲನೆಗೆ ತಕ್ಕಂತೆ ಎರಡಾಗಿ ಸೀಳಿಕೊಂಡ ಪಾಲುಗಳು. ಅಂದಹಾಗೆ, 1983ರಿಂದ ಮೀಟರಿನ ಅಧಿಕೃತ ವ್ಯಾಖ್ಯೆಯೇ ಬೆಳಕು ಸೆಕೆಂಡಿನ 29,97,92,458ರಲ್ಲಿ ಒಂದು ಭಾಗದಷ್ಟು ಹೊತ್ತಿನಲ್ಲಿ ಸಾಗುವ ದೂರ ಎಂದಾಗಿದೆ. ಅಳತೆಯ ಪಟ್ಟಿಯನ್ನು ಇಂದು ಗಡಿಯಾರದಿಂದಲೇ ಮಾಡಲಾಗುತ್ತದೆ.

ಉತ್ತರ 2: ಕೆಜಿಎಫ್ ಕಡೆಯ ಓದುಗ

ಮೇಡಂ ಕೊಟ್ಟ ನೌಕೆಯ ಉದಾಹರಣೆ ಕೇವಲ ಕಲ್ಪನೆಯೆಂದು ಯಾರೂ ತಿಳಿಯಬಾರದೆಂದು ಇದನ್ನು ಬರೆಯುತ್ತಿದ್ದೇನೆ. ಆಕಾಶದಿಂದ ಬರುವ ವಿಶ್ವಕಿರಣಗಳು ಗಾಳಿಯ ಪರಮಾಣುಗಳಿಗೆ ಬಡಿದಾಗ, ನೆಲದಿಂದ ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಮ್ಯೂಆನ್ ಎಂಬ ಕಣಗಳು ಹುಟ್ಟುತ್ತವೆ. ನಿಂತ ಮ್ಯೂಆನಿನ ಸರಾಸರಿ ಆಯುಸ್ಸು ಸೆಕೆಂಡಿನ ಹತ್ತು ಲಕ್ಷದಲ್ಲಿ 2.2 ಭಾಗ. ಅಷ್ಟು ಹೊತ್ತಿನಲ್ಲಿ ಬೆಳಕು ಕೂಡ ಸಾಗಬಲ್ಲದ್ದು ಸುಮಾರು 660 ಮೀಟರ್ ಮಾತ್ರ. ಕಾಲವೆಂಬುದು ಎಲ್ಲರಿಗೂ ಒಂದೇ ಆಗಿದ್ದರೆ, ಏಳೆಂಟು ನೂರು ಕೋಟಿ ಮ್ಯೂಆನ್‌ಗಳಲ್ಲಿ ಒಂದು ನೆಲ ಮುಟ್ಟಿದರೆ ಹೆಚ್ಚು. ಆದರೆ ಈ ಸಾಲನ್ನು ಓದುತ್ತಿರುವ ಹೊತ್ತಿನಲ್ಲಿಯೇ ಹಲವಾರು ಮ್ಯೂಆನ್‌ಗಳು ತಮ್ಮ ದೇಹವನ್ನು ಹಾಯ್ದುಹೋಗಿವೆ.

ಬೆಳಕಿನ ವೇಗಕ್ಕೆ ತೀರ ಸಮೀಪದಲ್ಲಿ ಸಾಗುವ ಮ್ಯೂಆನಿನ ಗಡಿಯಾರ ನಮ್ಮ ಲೆಕ್ಕಕ್ಕೆ ಇಪ್ಪತ್ತು ಪಟ್ಟು ನಿಧಾನವಾಗಿದೆ ಎಂದುಕೊಂಡರೆ, ಗಾಳಿಯಲ್ಲಿ ಅದು ಕಳೆದುಕೊಳ್ಳುವ ಶಕ್ತಿಯನ್ನು ಲೆಕ್ಕದಿಂದ ಬಿಟ್ಟಾಗ, ಹುಟ್ಟಿದವುಗಳಲ್ಲಿ ಮೂರರಲ್ಲೊಂದು ಪಾಲು ನೆಲಕ್ಕೆ ಬರಬೇಕು. ಮ್ಯೂಆನಿನ ಕಡೆಯಿಂದ ನೋಡಿದರೆ ಅದರ ಗಡಿಯಾರ ಸರಿಯಾಗಿಯೇ ಇದೆ. ಅದರ ಪಾಲಿಗೆ 15 ಕಿಲೋಮೀಟರ್ ದಪ್ಪದ ಗಾಳಿಯೇ 750 ಮೀಟರಿಗೆ ಕುಗ್ಗಿದೆ. ನಾವು ಕಾಲ ಹಿಗ್ಗಿತು ಎನ್ನುತ್ತೇವೆ, ಅದರ ದೃಷ್ಟಿಯಲ್ಲಿ ದೂರ ಕುಗ್ಗಿತು. ವಾದ ಎರಡಾದರೂ ನೆಲ ಮುಟ್ಟುವ ಮ್ಯೂಆನ್‌ಗಳ ಎಣಿಕೆ ಒಂದೇ. 1963ರಲ್ಲಿ ಅಮೆರಿಕದ ಮೌಂಟ್ ವಾಷಿಂಗ್ಟನ್ ಬೆಟ್ಟದ ಮೇಲೆ ಗಂಟೆಗೆ ಸುಮಾರು 560 ಮ್ಯೂಆನ್‌ಗಳನ್ನು ಎಣಿಸಿದ ಇಬ್ಬರು ಭೌತವಿಜ್ಞಾನಿಗಳಿಗೆ, ಅದಕ್ಕಿಂತ ಸುಮಾರು 1,900 ಮೀಟರ್ ಕೆಳಗೆ ಸಮುದ್ರಮಟ್ಟದಲ್ಲಿ ಇನ್ನೂ 410ರಷ್ಟು ಸಿಕ್ಕವು. ಕಾಲ ಎಲ್ಲರಿಗೂ ಒಂದೇ ಆಗಿದ್ದರೆ ಮೂವತ್ತು ಸಿಗುವುದೂ ಕಷ್ಟವಾಗಿತ್ತು.

ನಮ್ಮೂರಿನ ಗಣಿಗಳಿಗೂ ಈ ಕಣಗಳಿಗೂ ಹಳೆಯ ನಂಟಿದೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ. ವಿ. ಶ್ರೀಕಂಠನ್ ಮತ್ತು ಸಂಗಡಿಗರು 1950ರ ದಶಕದಿಂದಲೇ ಕೋಲಾರದ ಚಿನ್ನದ ಗಣಿಗಳಲ್ಲಿ ಇಳಿದು, ಯಾವ ಆಳದವರೆಗೆ ಎಷ್ಟು ಮ್ಯೂಆನ್‌ಗಳು ಬರುತ್ತವೆ ಎಂದು ಅಳೆದರು. ಆ ಅಳತೆಯ ಬೆನ್ನಲ್ಲೇ, 1965ರಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಇನ್ನೊಂದು ಬಗೆಯ ಕಣಗಳ ಸುಳಿವು ಸಿಕ್ಕಿತು. ಆ ಬಂಡೆಗಳ ಅಡಿಯವರೆಗೆ ಮ್ಯೂಆನ್ ಬದುಕಿ ಬರುತ್ತದೆಂಬುದೇ ನನಗೆ ದೇಶಕಾಲದ ಅತ್ಯಂತ ಮನದಟ್ಟಾದ ಸಾಕ್ಷಿ.

ಮತ್ತೆ ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. 5-3, 4-0, 8.5-7.5 ಈ ಮೂರು ಜೋಡಿಗಳನ್ನು ಕಾಗದದ ಮೇಲೆ ಮತ್ತೆ ಮತ್ತೆ ಮಾಡಿ ನೋಡಿದೆ. ನನ್ನ ಚಾರ್ಟಿನಲ್ಲಿ ನೆಟ್ಟನೆಯ ಗೆರೆಗಳು ಎಲ್ಲರ ಸೊತ್ತಾಗಿದ್ದವು, ಇಲ್ಲಿ ಅವು ಯಾರೊಬ್ಬರ ಸೊತ್ತೂ ಅಲ್ಲ ಎಂಬಷ್ಟು ತಿಳಿಯಿತು. ಬಟ್ಟೆಯ ಮೇಲಿನ ಗುಂಡಿನ ಪ್ರಶ್ನೆ ಹಾಗೆಯೇ ಉಳಿದಿದೆ.

ಉತ್ತರ 3: ಬೆಂಗಳೂರಿನ ಸಂಶೋಧನಾ ವಿದ್ಯಾರ್ಥಿ

ಹಿರಿಯರೇ, ಬಟ್ಟೆಯ ಚಿತ್ರದ ಬಗ್ಗೆ ತಮ್ಮ ಆಕ್ಷೇಪ ಸರಿಯಾಗಿಯೇ ಇದೆ. ನನ್ನ ಅಭಿಪ್ರಾಯದಲ್ಲಿ ಆ ಚಿತ್ರ ತಿಳಿಸುವುದಕ್ಕಿಂತ ಮರೆಮಾಡುವುದೇ ಹೆಚ್ಚು, ಏಕೆಂದರೆ ಅದು ದೇಶದ ಬಾಗನ್ನು ಮಾತ್ರ ತೋರಿಸಿ ಕಾಲವನ್ನು ಪೂರ್ತಿಯಾಗಿ ಬಿಟ್ಟುಬಿಡುತ್ತದೆ. ಕೈಯಿಂದ ಜಾರಿದ ಲೋಟ ನೆಲಕ್ಕೆ ಬೀಳುವುದರಲ್ಲಿ ಮುಖ್ಯ ಪಾತ್ರ ಕಾಲದ್ದು.

ಉಪನ್ಯಾಸಕಿಯವರ ಉದಾಹರಣೆಯಲ್ಲಿ ಒಂದು ಸಂಗತಿಯನ್ನು ಗಮನಿಸಿ. ಎರಡು ಘಟನೆಗಳ ನಡುವೆ ನೇರವಾಗಿ, ಒಂದೇ ವೇಗದಲ್ಲಿ ಹೋದವಳ ಗಡಿಯಾರ 4 ಸೆಕೆಂಡು ತೋರಿಸಿತು. ಅವೇ ಘಟನೆಗಳ ನಡುವೆ ಅಡ್ಡಾದಿಡ್ಡಿಯಾಗಿ ಹೋಗಿ ಬರುವವನ ಗಡಿಯಾರ ನಾಲ್ಕಕ್ಕಿಂತ ಕಡಿಮೆಯನ್ನೇ ತೋರಿಸುತ್ತದೆ, ಹೆಚ್ಚನ್ನಲ್ಲ. ಕಾಗದದ ಮೇಲೆ ಎರಡು ಚುಕ್ಕೆಗಳ ನಡುವೆ ನೇರ ಗೆರೆ ಅತಿ ಗಿಡ್ಡ. ದೇಶಕಾಲದಲ್ಲಿ ನೇರ ಗೆರೆಯೇ ಅತಿ ಹೆಚ್ಚು ಕಾಲ ತೆಗೆದುಕೊಳ್ಳುವಂಥದ್ದು. ಆ ಕಳೆಯುವ ಚಿಹ್ನೆಯ ಫಲವೇ ಇದು.

ಇದರ ಜೊತೆಗೆ ಐನ್‌ಸ್ಟೈನ್ 1915ರಲ್ಲಿ ಪೂರ್ಣಗೊಳಿಸಿದ ಸಾಮಾನ್ಯ ಸಾಪೇಕ್ಷತೆ ಹೇಳುವ ಎರಡು ಮಾತುಗಳನ್ನು ಸೇರಿಸಬೇಕು. ಭೂಮಿಯಿಂದ ಎತ್ತರಕ್ಕೆ ಹೋದಂತೆಲ್ಲ ಗಡಿಯಾರಗಳು ತುಸು ವೇಗವಾಗಿ ನಡೆಯುತ್ತವೆ. ಯಾರೂ ನೂಕದ, ಯಾರೂ ತಡೆಯದ ವಸ್ತು ತನ್ನ ಗಡಿಯಾರ ಅತಿ ಹೆಚ್ಚು ತೋರಿಸುವ ದಾರಿಯನ್ನೇ ಹಿಡಿಯುತ್ತದೆ. ಈಗ ಒಂದು ಚೆಂಡನ್ನು ಮೇಲಕ್ಕೆಸೆದು ಸರಿಯಾಗಿ ಎರಡು ಸೆಕೆಂಡಿನ ನಂತರ ಅದೇ ಕೈಯಲ್ಲಿ ಹಿಡಿಯುತ್ತೀರಿ ಎನ್ನಿ. ಚೆಂಡು ಎತ್ತರಕ್ಕೆ ಹೋದಷ್ಟೂ ಅದರ ಗಡಿಯಾರಕ್ಕೆ ಲಾಭ. ಆದರೆ ಎರಡೇ ಸೆಕೆಂಡಿನಲ್ಲಿ ಬಹಳ ಎತ್ತರ ಹೋಗಿ ಮರಳಬೇಕಾದರೆ ವೇಗ ಹೆಚ್ಚಬೇಕು, ವೇಗ ಹೆಚ್ಚಿದರೆ ಗಡಿಯಾರ ನಿಧಾನವಾಗಿ ನಷ್ಟ. ಲಾಭನಷ್ಟಗಳನ್ನು ಕೂಡಿ ಕಳೆದು ನೋಡಿದರೆ ಗಡಿಯಾರ ಅತಿ ಹೆಚ್ಚು ತೋರಿಸುವುದು 4.9 ಮೀಟರ್ ಎತ್ತರಕ್ಕೆ ಹೋಗಿ ಮರಳುವ ದಾರಿಯಲ್ಲಿ. ನ್ಯೂಟನ್ನನ ಸೂತ್ರ ಕೊಡುವ ಎತ್ತರವೂ ಅದೇ. ಇಲ್ಲಿ ಎಳೆಯುವ ಬಲವೆಂಬುದು ಎಲ್ಲಿಯೂ ಬರಲಿಲ್ಲ. ಚೆಂಡು ಬಾಗಿದ ದೇಶಕಾಲದಲ್ಲಿ ತನಗೆ ಸಾಧ್ಯವಾದಷ್ಟು ನೆಟ್ಟಗೆ ಹೋಯಿತು.

ಎತ್ತರದ ಗಡಿಯಾರ ವೇಗವಾಗಿ ನಡೆಯುವುದನ್ನು ನೇರವಾಗಿ ಅಳೆದಿದ್ದಾರೆ. 2010ರಲ್ಲಿ ಅಮೆರಿಕದ ರಾಷ್ಟ್ರೀಯ ಅಳತೆಮಾನ ಸಂಸ್ಥೆಯಲ್ಲಿ ಎರಡು ಗಡಿಯಾರಗಳ ಪೈಕಿ ಒಂದನ್ನು ಕೇವಲ 33 ಸೆಂಟಿಮೀಟರ್ ಎತ್ತರಿಸಿದಾಗ ವ್ಯತ್ಯಾಸ ಕಂಡುಬಂತು. ಸುಮಾರು 20,200 ಕಿಲೋಮೀಟರ್ ಎತ್ತರದ ಜಿಪಿಎಸ್ ಉಪಗ್ರಹಗಳ ಗಡಿಯಾರಗಳು ಎತ್ತರದ ಕಾರಣಕ್ಕೆ ದಿನಕ್ಕೆ 45 ಮೈಕ್ರೋಸೆಕೆಂಡು ಮುಂದೆ ಓಡಿ, ವೇಗದ ಕಾರಣಕ್ಕೆ 7 ಮೈಕ್ರೋಸೆಕೆಂಡು ಹಿಂದೆ ಬೀಳುತ್ತವೆ; ನಿವ್ವಳ ಮುನ್ನಡೆ 38. ಇಸ್ರೋದ ನಾವಿಕ್ ಉಪಗ್ರಹಗಳು ಇನ್ನೂ ಎತ್ತರದಲ್ಲಿ, ಸುಮಾರು 36,000 ಕಿಲೋಮೀಟರಿನಲ್ಲಿ ಇರುವುದರಿಂದ ಅಲ್ಲಿ ಲೆಕ್ಕ ದಿನಕ್ಕೆ 46 ಮೈಕ್ರೋಸೆಕೆಂಡಿನಷ್ಟಾಗುತ್ತದೆ. ಬೆಳಕಿಗೆ ಅದು ಸುಮಾರು 14 ಕಿಲೋಮೀಟರಿನ ದಾರಿ. ಇಂಥ ತಿದ್ದುಪಡಿಯಿಲ್ಲದೆ ಯಾವ ಉಪಗ್ರಹ ವ್ಯವಸ್ಥೆಯೂ ನಮ್ಮ ಮನೆಯ ದಾರಿಯನ್ನು ಸರಿಯಾಗಿ ತೋರಿಸಲಾರದು.

‘ಬಾಗಿದ’ ಎಂಬ ಪದಕ್ಕೂ ನಿಖರವಾದ ಅರ್ಥವಿದೆ. ಹತ್ತು ಮೀಟರ್ ಅಂತರದ ಎರಡು ತೆಂಗಿನ ಮರಗಳಿಂದ ಒಂದೇ ಕ್ಷಣ ಕಳಚಿದ ಎರಡು ಕಾಯಿಗಳು ಭೂಮಿಯ ಕೇಂದ್ರದತ್ತ ಬೀಳುವುದರಿಂದ, 20 ಮೀಟರ್ ಬೀಳುವಷ್ಟರಲ್ಲಿ ಪರಸ್ಪರ 0.03 ಮಿಲಿಮೀಟರಿನಷ್ಟು ಹತ್ತಿರವಾಗಿರುತ್ತವೆ. ತಮ್ಮ ಚಾರ್ಟಿನ ಮೇಲೆ ಬರೆದರೆ, ಒಂದಕ್ಕೊಂದು ಸಮಾನಾಂತರವಾಗಿ ಹೊರಟ ಎರಡು ನೇರ ಗೆರೆಗಳು ಸಮಾನಾಂತರವಾಗಿ ಉಳಿಯಲಿಲ್ಲ ಎಂದಾಗುತ್ತದೆ. ಚಪ್ಪಟೆ ಹಾಳೆಯ ಮೇಲೆ ಹಾಗಾಗದು, ಹಾಳೆಯೇ ಬಾಗಿರಬೇಕು.

ಇನ್ನು ತಮ್ಮ ಮೊದಲ ಪ್ರಶ್ನೆ: ದೇಶಕಾಲವು ಲೆಕ್ಕದ ಅನುಕೂಲವೇ, ನಿಜವಾಗಿ ಇರುವುದೇ? ಕಂಟ್ರೋಲ್ ಚಾರ್ಟಿನ ಕಾಗದಕ್ಕೆ ತನ್ನದೇ ಆದ ನಡವಳಿಕೆಯಿಲ್ಲ. ಗಾಡಿ ಓಡಿದರೂ ನಿಂತರೂ ಅದು ಸುಮ್ಮನೆ ಬಿದ್ದಿರುತ್ತದೆ. ದೇಶಕಾಲ ಹಾಗಲ್ಲ. ಬೆಂಗಳೂರಿನವರೇ ಆದ ಸಿ. ವಿ. ವಿಶ್ವೇಶ್ವರ ಅವರು, ಮುಂದೆ ಇಲ್ಲಿನ ಜವಾಹರಲಾಲ್ ನೆಹರು ತಾರಾಲಯದ ಸಂಸ್ಥಾಪಕ ನಿರ್ದೇಶಕರಾದವರು, 1970ರಲ್ಲಿ ಕೃಷ್ಣರಂಧ್ರವನ್ನು, ಎಂದರೆ ಬೆಳಕೂ ಹೊರಬರಲಾಗದಷ್ಟು ದೇಶಕಾಲ ಬಾಗಿರುವ ತಾಣವನ್ನು, ಕದಡಿದರೆ ಅದು ಬಡಿದ ಗಂಟೆಯಂತೆ ನಿಶ್ಚಿತ ಸ್ವರದಲ್ಲಿ ಕಂಪಿಸಿ ಬೇಗನೆ ಶಾಂತವಾಗುತ್ತದೆ ಎಂದು ಲೆಕ್ಕದಿಂದ ತೋರಿಸಿದರು. ಅಲ್ಲಿ ಕಂಪಿಸಲು ದೇಶಕಾಲವನ್ನು ಬಿಟ್ಟು ಬೇರೇನೂ ಇಲ್ಲ. 2015ರ ಸೆಪ್ಟೆಂಬರ್ 14ರಂದು ದೇಶಕಾಲದ ಅಲೆಗಳನ್ನು ಹಿಡಿಯಲು ಅಮೆರಿಕದಲ್ಲಿ ಕಟ್ಟಿದ ಲೈಗೋ ಉಪಕರಣಗಳು ಎರಡು ಕೃಷ್ಣರಂಧ್ರಗಳು ಒಂದಾದಾಗ ಎದ್ದ ಅಲೆಯನ್ನು ಹಿಡಿದಾಗ, ಆ ಅಲೆಯ ಕೊನೆಯ ಭಾಗ ಇಂಥದೇ ಕಂಪನವಾಗಿತ್ತು. ಮೂರು ಸೂರ್ಯರಷ್ಟು ದ್ರವ್ಯರಾಶಿಗೆ ಸಮನಾದ ಶಕ್ತಿಯನ್ನು ಹೊತ್ತು ಹೊರಟ ಅಲೆ ಇಲ್ಲಿಗೆ ತಲುಪುವಾಗ, 4 ಕಿಲೋಮೀಟರ್ ಉದ್ದದ ಕೊಳವೆಯನ್ನು ಪ್ರೋಟಾನಿನ ವ್ಯಾಸದ ನೂರರಲ್ಲೊಂದು ಭಾಗಕ್ಕಿಂತಲೂ ಕಡಿಮೆ ಹಿಗ್ಗಿಸಿ ಕುಗ್ಗಿಸಿತು. ಶಕ್ತಿಯನ್ನು ಹೊತ್ತು ಸಾಗಬಲ್ಲ, ಅಳೆಯಬಹುದಾದ ಸಂಗತಿಯನ್ನು ಕೇವಲ ಲೆಕ್ಕದ ಅನುಕೂಲವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಮತ್ತೆ ಪ್ರಶ್ನೆ ಕೇಳಿದವರು

ಚೆಂಡಿನ ಲಾಭನಷ್ಟದ ಲೆಕ್ಕವನ್ನು ಓದಿದ ಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಕೊನೆಯದಾಗಿ ಒಂದು ಪ್ರಶ್ನೆ. ನಮ್ಮಲ್ಲಿ ಎರಡು ಬಗೆಯ ಚಾರ್ಟುಗಳಿದ್ದವು. ವೇಳಾಪಟ್ಟಿಯಂತೆ ಎಲ್ಲ ಗಾಡಿಗಳ ಗೆರೆಗಳನ್ನೂ ಮೊದಲೇ ಅಚ್ಚು ಹಾಕಿದ ಮಾಸ್ಟರ್ ಚಾರ್ಟ್ ಒಂದು. ಗಾಡಿ ಓಡಿದಂತೆ ನಾವು ಗೆರೆ ಎಳೆಯುತ್ತಿದ್ದ ದಿನದ ಚಾರ್ಟ್ ಇನ್ನೊಂದು. ದೇಶಕಾಲ ಇವುಗಳಲ್ಲಿ ಯಾವುದರಂತೆ? ನಾಳೆ ನಡೆಯುವುದೂ ಆಗಲೇ ಬರೆದಾಗಿದೆಯೇ?

ಉತ್ತರ 1ರ ಉಪನ್ಯಾಸಕಿ

ಸರ್, ನಾಳೆಯದು ಬರೆದಾಗಿದೆಯೇ ಎಂಬುದರ ಬಗ್ಗೆ ಭೌತವಿಜ್ಞಾನಿಗಳಲ್ಲಿಯೂ ದಾರ್ಶನಿಕರಲ್ಲಿಯೂ ಒಮ್ಮತವಿಲ್ಲ, ಮತ್ತು ಮಿಂಕೊವ್‌ಸ್ಕಿಯ ರೇಖಾಗಣಿತವೊಂದೇ ಅದನ್ನು ತೀರ್ಮಾನಿಸುತ್ತದೆಂದು ನಾನು ನಂಬುವುದಿಲ್ಲ. ಆದರೆ ದಿನದ ಚಾರ್ಟಿನ ಹೋಲಿಕೆಯಲ್ಲಿ ಒಂದು ಅಂಶ ನಿಲ್ಲುವುದಿಲ್ಲ ಎಂದು ಮಾತ್ರ ಖಚಿತವಾಗಿ ಹೇಳಬಹುದು. ತಮ್ಮ ಪೆನ್ಸಿಲಿನ ತುದಿ ಯಾವ ನೆಟ್ಟನೆಯ ಗೆರೆಯ ಮೇಲಿತ್ತೋ ಅದು ಇಡೀ ವಿಭಾಗಕ್ಕೆ ‘ಈಗ’ ಆಗಿತ್ತು. ಇಡೀ ವಿಶ್ವಕ್ಕೆ ಅನ್ವಯಿಸುವ ಅಂಥ ಒಂದು ‘ಈಗ’ ಇಲ್ಲ, ಏಕೆಂದರೆ ಆ ಗೆರೆ ಒಬ್ಬೊಬ್ಬರಿಗೆ ಒಂದೊಂದು ಓರೆಯಲ್ಲಿದೆ.

ಎಲ್ಲರೂ ಒಪ್ಪುವಂಥದ್ದು ಕಾರಣ ಮತ್ತು ಪರಿಣಾಮಗಳ ಅನುಕ್ರಮ. ಒಂದು ಘಟನೆಯಿಂದ ಹೊರಟ ಬೆಳಕು ಇನ್ನೊಂದನ್ನು ತಲುಪಬಲ್ಲದಾದರೆ, ಯಾವುದು ಮೊದಲು ಯಾವುದು ನಂತರ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರದು. ಬೆಳಕೂ ತಲುಪಲಾಗದಷ್ಟು ದೂರದ, ಅಷ್ಟು ಹತ್ತಿರದ ಹೊತ್ತಿನ ಘಟನೆಗಳಿಗೆ ಮಾತ್ರ ಹಿಂದುಮುಂದು ಎಂಬುದು ನೋಡುವವನನ್ನು ಅವಲಂಬಿಸಿರುತ್ತದೆ. ಅವು ಒಂದರ ಮೇಲೊಂದು ಯಾವ ಪ್ರಭಾವವನ್ನೂ ಬೀರಲಾರವು. ಬೀರೂರಿಗೂ ಚಿಕ್ಕಜಾಜೂರಿಗೂ ಈ ಅಸ್ಪಷ್ಟತೆ ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗವನ್ನೂ ಮುಟ್ಟದು. ಸೂರ್ಯನಿಗೂ ನಮಗೂ ನಡುವೆ ಎಂಟು ನಿಮಿಷಕ್ಕೂ ಹೆಚ್ಚು.

ತಾವು ನಿಜವಾಗಿ ಮಾಡುತ್ತಿದ್ದ ಕೆಲಸವನ್ನು ನೆನಪಿಸಿಕೊಂಡರೆ, ಅದು ದೇಶಕಾಲಕ್ಕೆ ಎಷ್ಟು ಸಮೀಪದಲ್ಲಿತ್ತು ಎಂದು ಕಾಣುತ್ತದೆ. ಅಜ್ಜಂಪುರಕ್ಕೆ ಗಾಡಿ ಬಂದ ಕ್ಷಣದಲ್ಲಿ ತಾವು ಅಲ್ಲಿ ಚುಕ್ಕೆ ಇಡುತ್ತಿರಲಿಲ್ಲ. ಸ್ಟೇಷನ್ ಮಾಸ್ಟರರ ಫೋನು ಬಂದ ಮೇಲೆ, ಆಗಲೇ ಆಗಿಹೋದ ಹೊತ್ತಿಗೆ ಹಿಂದಕ್ಕೆ ಹೋಗಿ ಚುಕ್ಕೆ ಇಡುತ್ತಿದ್ದಿರಿ. ದೇಶಕಾಲದಲ್ಲಿಯೂ ದೂರದ ಘಟನೆ ನಮಗೆ ತಿಳಿಯುವುದು ಅಲ್ಲಿಂದ ಸುದ್ದಿ ತಲುಪಿದ ಮೇಲೆಯೇ.